ಕುಂಡ ‘ಗೊಬ್ಬರವಾಗುತ್ತೇನೆ’ ಎನ್ನುತ್ತದೆ, ಗೊಬ್ಬರದ ಘಟಕ ‘ಬೇಡ’ ಎನ್ನುತ್ತದೆ

ಗಿಡದ ಕುಂಡವನ್ನು ಬೋರಲು ಹಾಕಿ ನೋಡಿದರೆ ತಳದಲ್ಲಿ ಪುಟ್ಟ ಎಲೆಯ ಗುರುತು, ಪಕ್ಕದಲ್ಲಿ ‘ಕಾಂಪೋಸ್ಟಬಲ್’ ಎಂಬ ಅಚ್ಚು. ಗಿಡ ನೆಟ್ಟ ಮೇಲೆ ಉಳಿದ ಆ ಕುಂಡವನ್ನು ಸವರಿದ ಸೊಪ್ಪುಸದೆಯ ಜೊತೆ ಕಾಂಪೋಸ್ಟ್ ಘಟಕಕ್ಕೆ ಕಳಿಸಿದರೆ, ‘ಇದು ನಮಗೆ ಬೇಡ, ತೆಗೆದು ಬೇರೆ ಇಡಿ’ ಎಂಬ ಉತ್ತರ ಬರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡದ ಕಥೆಯೂ ಬೇರೆಯಲ್ಲ. ಅದರ ಮೇಲೆ ‘ಕರಗಿಸಿ ಹೊಸದು ಮಾಡಬಹುದು’ ಎನ್ನುವ ಮೂರು ಬಾಣಗಳ ಚಿಹ್ನೆ ಇರುತ್ತದೆ, ವಿಂಗಡಣೆ ಕೇಂದ್ರದ ಯಂತ್ರ ಮಾತ್ರ ಅದನ್ನು ಕಸದ ಕಡೆಗೇ ತಳ್ಳುತ್ತದೆ.

ಈ ಗೊಂದಲ ಸುದ್ದಿಗೆ ಬರಲು ಎರಡು ಬೆಳವಣಿಗೆಗಳು ಕಾರಣ. ಒಂದು, ಐರೋಪ್ಯ ಒಕ್ಕೂಟದ ಗೊಬ್ಬರ ನಿಯಮ. 2019ರಲ್ಲಿ ರೂಪುಗೊಂಡು 2022ರ ಜುಲೈನಿಂದ ಜಾರಿಯಲ್ಲಿರುವ ಈ ನಿಯಮವು ಕಾಂಪೋಸ್ಟ್‌ನಲ್ಲಿ ಎಷ್ಟು ಪ್ಲಾಸ್ಟಿಕ್ ಚೂರು ಇರಬಹುದು ಎಂಬುದಕ್ಕೆ ಮಿತಿ ಹಾಕಿದೆ. ಆ ಮಿತಿ 2026ರ ಜುಲೈ 16ರಿಂದ ಇನ್ನಷ್ಟು ಬಿಗಿಯಾಗುವಂತೆ ಅದರಲ್ಲೇ ಬರೆದಿಡಲಾಗಿದೆ. ಇನ್ನೊಂದು, ಪೀಟ್ ವಿಚಾರ. ಪೀಟ್ ಎಂದರೆ ಜೌಗು ನೆಲದಿಂದ ಅಗೆದು ಕುಂಡಕ್ಕೆ ತುಂಬುವ ಸಸ್ಯಾವಶೇಷ, ಅದನ್ನು ಬಿಟ್ಟರೆ ಆ ಜಾಗಕ್ಕೆ ಕಾಂಪೋಸ್ಟ್ ಬೇಕಾಗುತ್ತದೆ. ಮನೆಯ ತೋಟಗಾರರಿಗೆ ಪೀಟ್ ಮಾರುವುದನ್ನು 2024ರೊಳಗೆ ನಿಲ್ಲಿಸುವುದಾಗಿ ಇಂಗ್ಲೆಂಡಿಗೆ ಸಂಬಂಧಿಸಿದಂತೆ ಬ್ರಿಟಿಷ್ ಸರ್ಕಾರ 2022ರಲ್ಲಿ ಘೋಷಿಸಿತ್ತು. 2024 ಕಳೆದರೂ ಕಾನೂನು ಬರಲಿಲ್ಲ. ಒಂದೆಡೆ ನಿಯಮ ಬಿಗಿಯಾಗುತ್ತಿದೆ, ಇನ್ನೊಂದೆಡೆ ಗಡುವು ಜಾರುತ್ತಿದೆ. ನಡುವೆ ಸಿಕ್ಕಿಬಿದ್ದಿರುವುದು ನರ್ಸರಿಯವರು, ತೋಟ ನಿರ್ವಹಣೆಯ ಗುತ್ತಿಗೆದಾರರು, ಹುಲ್ಲುಹಾಸು ಕತ್ತರಿಸುವವರು.

ಮುಂದಕ್ಕೆ ಹೋಗುವ ಮುನ್ನ ಪದದ ವಿಚಾರ. ಕನ್ನಡದಲ್ಲಿ ‘ಮರುಬಳಕೆ’ ಎನ್ನುವ ಒಂದೇ ಪದವನ್ನು ನಾವು ಎರಡಕ್ಕೂ ಹೊಂದಿಸಿಕೊಂಡಿದ್ದೇವೆ: ಕುಂಡ ತೊಳೆದು ಮತ್ತೆ ಗಿಡ ನೆಡುವುದಕ್ಕೂ, ಅದೇ ಕುಂಡವನ್ನು ಪುಡಿಮಾಡಿ ಕರಗಿಸಿ ಹೊಸದು ಮಾಡುವುದಕ್ಕೂ. ಅರ್ಧ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ. ಇಲ್ಲಿ ಮೊದಲನೆಯದನ್ನು ಮರುಬಳಕೆ ಎಂದೂ ಎರಡನೆಯದನ್ನು ಮರುಸಂಸ್ಕರಣೆ ಎಂದೂ ಕರೆಯೋಣ.

ಈ ವ್ಯವಹಾರದ ಕಸ ಎಂದರೇನು?

ತೂಕದಲ್ಲಿ ನೋಡಿದರೆ ತೋಟಗಾರಿಕೆ ವ್ಯವಹಾರದಿಂದ ಹೊರಬೀಳುವುದರಲ್ಲಿ ಸಿಂಹಪಾಲು ಹಸಿರೇ: ಕತ್ತರಿಸಿದ ಹುಲ್ಲು, ತರಗೆಲೆ, ಬೇಲಿಗಿಡದ ಸವರಿಕೆ, ಒಣ ರೆಂಬೆ, ಕಿತ್ತ ಕಳೆ, ಸತ್ತ ಸಸಿ. ಅದರ ಬೆನ್ನಿಗೆ ಕುಂಡದಿಂದ ಸುರಿದ ಹಳೆಯ ಮಣ್ಣು ಮತ್ತು ಬೇರಿನ ಮುದ್ದೆ. ಮೂರನೆಯದು ಪ್ಲಾಸ್ಟಿಕ್: ಕುಂಡ, ಸಸಿ ಟ್ರೇ, ಗೊಬ್ಬರದ ಚೀಲ, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟ್, ಹನಿ ನೀರಾವರಿಯ ಪೈಪು, ಹೆಸರಿನ ಚೀಟಿ, ಕಟ್ಟುವ ದಾರ. ಕೊನೆಯದು ತೂಕದಲ್ಲಿ ಅತಿ ಕಡಿಮೆ, ತಲೆನೋವಿನಲ್ಲಿ ಅತಿ ಹೆಚ್ಚು: ಕೀಟನಾಶಕ, ಕಳೆನಾಶಕಗಳ ಖಾಲಿ ಡಬ್ಬಿ ಮತ್ತು ಉಳಿದ ದ್ರಾವಣ.

ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಹೆಚ್ಚಿನವಕ್ಕೆ ದಾರಿ ಇದೆ. ಸೊಪ್ಪು ಗೊಬ್ಬರವಾಗುತ್ತದೆ, ರೆಂಬೆ ಚಕ್ಕೆಯಾಗುತ್ತದೆ, ಒಂದೇ ಜಾತಿಯ ಶುದ್ಧ ಪ್ಲಾಸ್ಟಿಕ್‌ಗೆ ಗುಜರಿಯಲ್ಲಿ ಬೆಲೆಯಿದೆ. ತೊಂದರೆ ಶುರುವಾಗುವುದು ಇವೆಲ್ಲ ಒಂದೇ ವಾಹನದ ಹಿಂಭಾಗದಲ್ಲಿ ಒಂದೇ ರಾಶಿಯಾಗಿ ಬಿದ್ದಾಗ. ಸೊಪ್ಪಿನೊಳಗೆ ಕುಂಡದ ಚೂರು ಸೇರಿದರೆ ಸೊಪ್ಪೂ ಕೆಟ್ಟಿತು, ಕುಂಡವೂ ಕೆಟ್ಟಿತು. ಬೆರೆಸಲು ಒಂದು ನಿಮಿಷ ಸಾಕು, ಬೇರ್ಪಡಿಸಲು ಒಂದು ದಿನವೂ ಸಾಲದು. ಈಗಿನ ಬಹುಪಾಲು ವಿವಾದಗಳು, ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ, ಈ ಬೆರಕೆಯ ಖರ್ಚನ್ನು ಯಾರು ಹೊರಬೇಕು ಎಂಬ ಜಗಳವೇ.

ಹಾಗೇ ಕಸದ ಗುಂಡಿಗೆ ಹೋದರೆ ಏನಾಗುತ್ತದೆ?

‘ಎಲೆ ತಾನೇ, ಎಲ್ಲಿ ಬಿದ್ದರೂ ಕೊಳೆಯುತ್ತದೆ’ ಎಂಬ ಮಾತು ಸುಳ್ಳಲ್ಲ. ಕೊಳೆಯುವ ಬಗೆ ಎರಡಿದೆ ಎಂಬುದಷ್ಟೇ ಅದರಲ್ಲಿ ಬಿಟ್ಟುಹೋಗಿದೆ. ಗಾಳಿಯಾಡುವ ಕಡೆ ಕೊಳೆತರೆ ಬಹುಪಾಲು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದು ಗಿಡ ಗಾಳಿಯಿಂದಲೇ ಪಡೆದದ್ದು. ಇತರ ಕಸದಡಿ ಹೂತು ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ತೂಕಕ್ಕೆ ತೂಕ ಹಿಡಿದರೆ, 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಸರ್ಕಾರಗಳು ಹಸಿರು ಕಸವನ್ನು ಗುಂಡಿಯಿಂದ ಹೊರಗಿಡಲು ಕಾನೂನು ಮಾಡುತ್ತಿರುವುದು ಈ ಕಾರಣಕ್ಕೆ. ಅಮೆರಿಕದ ಕ್ಯಾಲಿಫೋರ್ನಿಯಾ 2016ರಲ್ಲಿ ತಂದ ಇಂಥ ಕಾನೂನಿನ ನಿಯಮಗಳು 2022ರ ಜನವರಿಯಿಂದ ಜಾರಿಯಲ್ಲಿವೆ. ಸುಟ್ಟುಬಿಡುವುದು ಇನ್ನೊಂದು ಹಳೆಯ ದಾರಿ. ಹಸಿ ಸೊಪ್ಪು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಆ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಅದರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ.

ಗುಂಡಿಗೆ ಹೋಗದ ಹಸಿರೆಲ್ಲ ಕಾಂಪೋಸ್ಟ್ ಘಟಕಕ್ಕೆ ಬರುತ್ತದೆ. ಬರುವ ಪ್ರಮಾಣ ಹೆಚ್ಚಿದಷ್ಟೂ ಬೆರಕೆಯೂ ಹೆಚ್ಚುತ್ತದೆ. ಒಂದು ಸಮಸ್ಯೆಗೆ ಹುಡುಕಿದ ಪರಿಹಾರವೇ ಇನ್ನೊಂದನ್ನು ಹೊತ್ತು ತಂದದ್ದು ಹೀಗೆ.

ರಾಶಿಯೊಳಗೆ ನಡೆಯುವ ಕೆಲಸ

ಘಟಕದವರ ಹಟ ಅರ್ಥವಾಗಬೇಕಾದರೆ ರಾಶಿಯೊಳಗೆ ಕೈ ಹಾಕಬೇಕು. ಕೈ ಹಾಕಿದರೆ ಸುಡುತ್ತದೆ. ಚೆನ್ನಾಗಿ ಕಟ್ಟಿದ ರಾಶಿಯ ನಡುಭಾಗ ಕೆಲವೇ ದಿನಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆಳಗಿನ ತಂಪಿನಲ್ಲಿ ಮೇಲಿನ ಪದರ ಸರಿಸಿದರೆ ಹಬೆ ಏಳುತ್ತದೆ, ಒಳಗಿನ ತರಗು ಬೂದಿ ಬಳಿದಂತೆ ಬಿಳಿಚಿಕೊಂಡಿರುತ್ತದೆ. ಅದು ಬೂದಿಯಲ್ಲ, ಶಾಖ ಇಷ್ಟಪಡುವ ಸೂಕ್ಷ್ಮಜೀವಿಗಳ ಎಳೆಗಳು.

ಈ ಬಿಸಿ ಹುಟ್ಟಲು ಹದ ಬೇಕು. ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 25ರಿಂದ 30ಕ್ಕೆ 1 ಇರಬೇಕು. ಹಸಿ ಹುಲ್ಲಿನಲ್ಲಿ ಈ ಅನುಪಾತ 20ರ ಆಸುಪಾಸು, ಮರದ ಚಕ್ಕೆಯಲ್ಲಿ ನೂರಾರು. ಬರೀ ಹುಲ್ಲು ಪೇರಿಸಿದರೆ ಅದು ಅಂಟಂಟಾಗಿ ಒತ್ತಿಕೊಂಡು, ಗಾಳಿ ನಿಂತು, ಮೂಗು ಮುಚ್ಚಿಕೊಳ್ಳುವಂತೆ ಅಮೋನಿಯಾ ನಾತ ಹೊಡೆಯುತ್ತದೆ. ಬರೀ ಚಕ್ಕೆ ಪೇರಿಸಿದರೆ ವರ್ಷ ಕಳೆದರೂ ಚಕ್ಕೆ ಚಕ್ಕೆಯೇ. ಎರಡನ್ನೂ ಬೆರೆಸಿ, ಹಿಂಡಿದ ಸ್ಪಂಜಿನಷ್ಟು ತೇವವಿಟ್ಟರೆ, ಅಂದರೆ ಶೇ 50ರಿಂದ 60ರಷ್ಟು, ರಾಶಿ ತಾನಾಗಿ ಕಾಯುತ್ತದೆ. ಒಂದು ಘನ ಮೀಟರ್‌ಗಿಂತ ಚಿಕ್ಕ ರಾಶಿಯಲ್ಲಿ ಹುಟ್ಟಿದ ಶಾಖ ನಿಲ್ಲದೆ ಸೋರಿಹೋಗುತ್ತದೆ. ಮನೆಯಂಗಳದ ಡಬ್ಬಿಯಲ್ಲಿ ಆಗದ್ದು ಘಟಕದಲ್ಲಿ ಆಗುವುದಕ್ಕೆ ಮುಖ್ಯ ಕಾರಣ ಈ ಗಾತ್ರ.

ಬಿಸಿ ಯಾಕೆ ಬೇಕು? ರೋಗಾಣು ಸಾಯಲು, ಕಳೆಬೀಜ ಬೇಯಲು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೊಳಚೆ ಕೆಸರಿನ ಗೊಬ್ಬರಕ್ಕೆಂದು ಮಾಡಿದ ಅಳತೆಗೋಲನ್ನು ಹಸಿರು ಕಸಕ್ಕೂ ಬಹಳ ಕಡೆ ಅನುಸರಿಸುತ್ತಾರೆ: ಉದ್ದನೆಯ ಸಾಲುರಾಶಿಯಾದರೆ 55 ಡಿಗ್ರಿ ಅಥವಾ ಹೆಚ್ಚು ಉಷ್ಣತೆಯಲ್ಲಿ 15 ದಿನ, ಆ ಅವಧಿಯಲ್ಲಿ ಕನಿಷ್ಠ 5 ಸಲ ಮಗುಚಬೇಕು. ಮಗುಚುವುದು ಯಾಕೆಂದರೆ ಹೊರಗಿನ ಪದರ ಬಿಸಿಯಾಗುವುದೇ ಇಲ್ಲ. ಹೊರಗಿನದು ಒಳಗೆ ಹೋಗಿ ಬೆಂದು ಬರಬೇಕು. ಇಷ್ಟಾದರೂ ಎಲ್ಲವೂ ಸಾಯುವುದಿಲ್ಲ. ತಂಬಾಕಿನ ಮೊಸಾಯಿಕ್ ವೈರಸ್ಸಿನಂಥವು ಈ ಬಿಸಿಗೂ ಜಗ್ಗದೆ ಉಳಿಯಬಲ್ಲವು. ಆದ್ದರಿಂದ ರೋಗ ಹತ್ತಿದ ಗಿಡವನ್ನು ಎಲ್ಲದರ ಜೊತೆ ರಾಶಿಗೆ ಎಸೆಯುವ ಅಭ್ಯಾಸ ನರ್ಸರಿಗಳಿಗೆ ದುಬಾರಿ ಬೀಳುತ್ತದೆ.

ಈ ಪ್ರಕ್ರಿಯೆಯ ಇನ್ನೊಂದು ಪರಿಣಾಮದ ಬಗ್ಗೆ ಮಾತು ಕಡಿಮೆ. ಕೊಳೆಯುವಾಗ ಒಣ ತೂಕದ ಸುಮಾರು ಅರ್ಧ ಗಾಳಿಗೆ ಹೋಗುತ್ತದೆ, ಪ್ಲಾಸ್ಟಿಕ್ ಎಲ್ಲೂ ಹೋಗುವುದಿಲ್ಲ. ಹಾಗಾಗಿ ಬಂದಾಗ ಕಿಲೋಗೆ 1 ಗ್ರಾಂ ಇದ್ದ ಪ್ಲಾಸ್ಟಿಕ್, ಗೊಬ್ಬರ ಸಿದ್ಧವಾಗುವ ಹೊತ್ತಿಗೆ ಕಿಲೋಗೆ 2 ಗ್ರಾಂ ಆಗಿರುತ್ತದೆ. ಐರೋಪ್ಯ ಒಕ್ಕೂಟದ ಹೊಸ ಮಿತಿಯ ಪ್ರಕಾರ, 2 ಮಿಲಿಮೀಟರ್‌ಗಿಂತ ದೊಡ್ಡ ಪ್ಲಾಸ್ಟಿಕ್ ಚೂರು ಒಂದು ಕಿಲೋ ಒಣ ಗೊಬ್ಬರದಲ್ಲಿ 2.5 ಗ್ರಾಂ ಮೀರಬಾರದು. ಹಿಂದಿನ ಮಿತಿ 3 ಗ್ರಾಂ. ಜರಡಿ ಹಿಡಿಯದೆ ಇದರೊಳಗೆ ನಿಲ್ಲಬೇಕಾದರೆ ಬರುವ ಮಾಲಿನಲ್ಲಿ ಕಿಲೋಗೆ 1.25 ಗ್ರಾಂ ಮಾತ್ರ ಇರಬಹುದು. ಒಂದು ಟನ್ ಹಸಿ ಸೊಪ್ಪಿನಲ್ಲಿ ಅರ್ಧ ನೀರೇ ಎಂದು ಹಿಡಿದರೆ ಲೆಕ್ಕ 625 ಗ್ರಾಂಗೆ ಬಂದು ನಿಲ್ಲುತ್ತದೆ. ಒಂದು ಕುಂಡ 50 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ: ಒಂದು ಟನ್ನಿಗೆ ಹನ್ನೆರಡು ಕುಂಡ, ಅಷ್ಟೇ. ತೆಳು ಹಾಳೆಯ ಚೂರುಗಳಾದರೆ ಇಷ್ಟೇ ತೂಕಕ್ಕೆ ರಾಶಿಯಿಡೀ ಬಣ್ಣಬಣ್ಣವಾಗಿ ಕಾಣುತ್ತದೆ. ಜರ್ಮನಿಯ ಕಾಂಪೋಸ್ಟ್ ಗುಣಮಟ್ಟದ ವ್ಯವಸ್ಥೆ ಚೂರುಗಳ ತೂಕವನ್ನಷ್ಟೇ ಅಲ್ಲ, ವಿಸ್ತೀರ್ಣವನ್ನೂ ಅಳೆಯುವುದು ಇದಕ್ಕೇ.

ಜರಡಿ ಹಿಡಿದು ತೆಗೆಯಬಹುದಲ್ಲ? ತೆಗೆಯುತ್ತಾರೆ. ಆದರೆ ಯಂತ್ರದ ಬಾಯಿಗೆ ಬಿದ್ದ ಕುಂಡ ನೂರು ಚೂರಾಗುತ್ತದೆ, ಸಣ್ಣ ಚೂರು ಜರಡಿಯಲ್ಲಿ ಗೊಬ್ಬರದ ಜೊತೆಗೇ ಕೆಳಗಿಳಿಯುತ್ತದೆ. ಜರಡಿಯ ಕಣ್ಣು ಚಿಕ್ಕದು ಮಾಡಿದರೆ ಒಳ್ಳೆಯ ಗೊಬ್ಬರವೂ ಮೇಲೆ ಉಳಿದು ಕಸದ ಪಾಲಾಗುತ್ತದೆ.

ಲೇಬಲ್ ಹೇಳುವ 58 ಡಿಗ್ರಿ

ಈಗ ‘ಕಾಂಪೋಸ್ಟಬಲ್’ ಕುಂಡಕ್ಕೆ ಬರೋಣ. ಈ ಪದ ಬಾಯಿಗೆ ಬಂದಂತೆ ಬಳಸುವಂಥದ್ದಲ್ಲ, ಹಿಂದೆ ಪರೀಕ್ಷೆ ಇದೆ. ಯುರೋಪಿನ ಇಎನ್ 13432 ಮಾನದಂಡವನ್ನೇ ತೆಗೆದುಕೊಳ್ಳಿ. ಸುಮಾರು 58 ಡಿಗ್ರಿಯಲ್ಲಿ ನಿಯಂತ್ರಿತ ವಾತಾವರಣದಲ್ಲಿಟ್ಟಾಗ, ವಸ್ತುವಿನ ಇಂಗಾಲದ ಶೇ 90ರಷ್ಟು 6 ತಿಂಗಳೊಳಗೆ ಇಂಗಾಲದ ಡೈಆಕ್ಸೈಡ್ ಆಗಬೇಕು. 12 ವಾರದಲ್ಲಿ ಅದು ಒಡೆದು, ಶೇ 90ರಷ್ಟು ಭಾಗ 2 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು.

ಪರೀಕ್ಷೆಯಲ್ಲಿ ಮೋಸವಿಲ್ಲ. ತೊಡಕಿರುವುದು ಆ ಷರತ್ತುಗಳು ಎಲ್ಲಿ ಸಿಗುತ್ತವೆ ಎಂಬಲ್ಲಿ. ಇಂಥ ಕುಂಡಗಳಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಎಂಬ ಜೈವಿಕ ಪ್ಲಾಸ್ಟಿಕ್ ಮೆತ್ತಗಾಗುವುದೇ 55–60 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ತಂಪಾದ ಕಡೆ, ಅಂದರೆ ತೋಟದ ಮೂಲೆಯ ತಿಪ್ಪೆಯಲ್ಲೋ ನೆಲದೊಳಗೋ, ಅದು ವರ್ಷಗಟ್ಟಲೆ ಗಟ್ಟಿಯಾಗಿಯೇ ಉಳಿಯಬಹುದು. ದೊಡ್ಡ ಘಟಕದಲ್ಲಿ ಬಿಸಿ ಸಿಗುತ್ತದೆ, ಸಮಯ ಸಿಗುವುದಿಲ್ಲ: ಬಹಳಷ್ಟು ಘಟಕಗಳಲ್ಲಿ ಕಾವಿನ ಹಂತ 12 ವಾರಕ್ಕೂ ಮೊದಲೇ ಮುಗಿದು ಮಾಲು ಜರಡಿಗೆ ಬರುತ್ತದೆ. ಅಷ್ಟರಲ್ಲಿ ಅರೆಬೆಂದ ಕುಂಡದ ಚೂರು ಸಾದಾ ಪ್ಲಾಸ್ಟಿಕ್ ಚೂರಿನಂತೆಯೇ ಕಾಣುತ್ತದೆ. ಆರಿಸುವ ಕೆಲಸಗಾರನ ಕೈಯಲ್ಲಿ ಪ್ರಯೋಗಾಲಯ ಇರುವುದಿಲ್ಲ, ಎರಡನ್ನೂ ಎಸೆಯುತ್ತಾನೆ.

ಇನ್ನೂ ಒಂದು ವಿಚಿತ್ರ. ಪರೀಕ್ಷೆಯಲ್ಲಿ ಗೆಲ್ಲುವುದೆಂದರೆ ಶೇ 90ರಷ್ಟು ಇಂಗಾಲ ಗಾಳಿಗೆ ಸೇರುವುದು. ಇಂಥ ಪ್ಲಾಸ್ಟಿಕ್‌ನಲ್ಲಿ ಗಿಡಕ್ಕೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಶ್ ಹೆಸರಿಗೂ ಇರುವುದಿಲ್ಲ. ಹಾಗಾಗಿ ‘ಗೊಬ್ಬರವಾಗುತ್ತದೆ’ ಎನ್ನುವುದಕ್ಕಿಂತ ‘ಗೊಬ್ಬರದ ಜೊತೆಗಿದ್ದು ಮಾಯವಾಗುತ್ತದೆ’ ಎನ್ನುವುದು ಸತ್ಯಕ್ಕೆ ಹತ್ತಿರ. ಘಟಕದವರ ದೃಷ್ಟಿಯಲ್ಲಿ ಅದು ಬಾಡಿಗೆ ಕೊಡದೆ ಜಾಗ ಹಿಡಿಯುವ ಸಾಮಾನು. ಸಾವಯವ ಗೊಬ್ಬರ ಮಾರುವವರಿಗೆ ಇನ್ನೊಂದು ಭಯವೂ ಇದೆ. ಅಮೆರಿಕದ ಸಾವಯವ ಕೃಷಿ ನಿಯಮದಲ್ಲಿ ಕಾಂಪೋಸ್ಟ್‌ಗೆ ಹಾಕಬಹುದಾದ ಕೃತಕ ವಸ್ತುಗಳ ಪಟ್ಟಿ ಬಹಳ ಚಿಕ್ಕದು. ಹೊಳಪು, ಬಣ್ಣದ ಶಾಯಿ ಇಲ್ಲದ ಕಾಗದಕ್ಕೆ ಅವಕಾಶವಿದೆ. ಕಾಂಪೋಸ್ಟಬಲ್ ಪ್ಲಾಸ್ಟಿಕ್ ಸೇರಿದರೆ ಆ ಗೊಬ್ಬರವನ್ನು ಸಾವಯವ ರೈತರಿಗೆ ಮಾರುವುದೇ ಕಷ್ಟವಾಗುತ್ತದೆ.

ತಯಾರಕರ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಮಣ್ಣು ಮೆತ್ತಿದ ಸಾದಾ ಕುಂಡವನ್ನು ಮರುಸಂಸ್ಕರಣೆಗೆ ತೆಗೆದುಕೊಳ್ಳುವವರು ಅಪರೂಪ. ಹೇಗಿದ್ದರೂ ಒಂದಷ್ಟು ಪ್ಲಾಸ್ಟಿಕ್ ಹಸಿರು ಕಸಕ್ಕೆ ತಪ್ಪಿಸಿಕೊಂಡು ಬರುವುದಾದರೆ, ಅದು ಎಂದಾದರೂ ಕರಗುವಂಥದ್ದಾಗಿರಲಿ ಎನ್ನುತ್ತಾರೆ. ಹೊಲದ ಮಲ್ಚಿಂಗ್ ಶೀಟಿನ ಮಟ್ಟಿಗೆ ಈ ವಾದಕ್ಕೆ ಇನ್ನಷ್ಟು ಬಲವಿದೆ. ಬೆಳೆ ಮುಗಿದ ಮೇಲೆ ಕಿತ್ತ ತೆಳು ಹಾಳೆಯ ತೂಕದಲ್ಲಿ ಮಣ್ಣು, ನೀರು, ಬೇರುಗಳದ್ದೇ ದೊಡ್ಡ ಪಾಲು. ಅದನ್ನು ತೊಳೆಯುವ ಖರ್ಚಿಗೆ ಹೊಸ ಹಾಳೆಯೇ ಬರುತ್ತದೆ. ಚೀನಾ 2018ರಿಂದ ಹಾಳೆಯ ಕನಿಷ್ಠ ದಪ್ಪವನ್ನು 10 ಮೈಕ್ರಾನ್‌ಗೆ ಏರಿಸಿದ್ದು, ಹರಿಯದೆ ಎತ್ತಲು ಬರಲಿ ಎಂದೇ. ನೆಲದಲ್ಲೇ ಕರಗುವ ಹಾಳೆಗೆ ಯುರೋಪಿನಲ್ಲಿ ಇಎನ್ 17033 ಎಂಬ ಪ್ರತ್ಯೇಕ ಮಾನದಂಡವಿದೆ: ಮಣ್ಣಿನಲ್ಲಿ 24 ತಿಂಗಳೊಳಗೆ ಶೇ 90ರಷ್ಟು ವಿಘಟನೆ. ಇದನ್ನು ಘಟಕದ ಕಾಂಪೋಸ್ಟಬಲ್ ಗುರುತಿನ ಜೊತೆ ಗೊಂದಲ ಮಾಡಿಕೊಳ್ಳಬಾರದು. ಒಂದು ಮಣ್ಣಿನ ಪರೀಕ್ಷೆ, ಇನ್ನೊಂದು ಕಾವಿನ ಪರೀಕ್ಷೆ.

ಕಾಗದದ ತಿರುಳು, ತೆಂಗಿನ ನಾರು, ಒತ್ತಿದ ಸಗಣಿಯ ಕುಂಡಗಳನ್ನು ಪಿಎಲ್‌ಎ ಸಾಲಿಗೆ ಸೇರಿಸುವುದು ಅನ್ಯಾಯ. ಅವು ನಿಜವಾಗಿಯೂ ನೆಲದಲ್ಲಿ ಕರಗುತ್ತವೆ. ಅವುಗಳ ಕೊರತೆ ಬೇರೆ: ಬೇಗ ಒಣಗುತ್ತವೆ, ತಿಂಗಳುಗಟ್ಟಲೆ ನರ್ಸರಿಯಲ್ಲಿ ನಿಲ್ಲಬೇಕಾದ ಗಿಡಕ್ಕೆ ಆಗಿಬರುವುದಿಲ್ಲ, ಸಾಗಿಸುವಾಗ ಒಡೆಯುತ್ತವೆ. ಸಸಿಗೆ ಸರಿ, ಮೂರು ವರ್ಷದ ಗಿಡಕ್ಕಲ್ಲ.

ಕಪ್ಪು ಕುಂಡವನ್ನು ಯಂತ್ರ ಯಾಕೆ ಕಾಣುವುದಿಲ್ಲ?

ವಿಂಗಡಣೆ ಕೇಂದ್ರದಲ್ಲಿ ಬೆಲ್ಟ್ ಮೇಲೆ ಸಾಗುವ ಪ್ಲಾಸ್ಟಿಕ್ ಮೇಲೆ ಅವಗೆಂಪು ಬೆಳಕು ಬೀಳುತ್ತದೆ. ತಿರುಗಿ ಬರುವ ಬೆಳಕನ್ನು ಓದಿ ಇದು ಪಾಲಿಪ್ರೊಪಿಲೀನ್, ಇದು ಪಾಲಿಎಥಿಲೀನ್ ಎಂದು ಯಂತ್ರ ಗುರುತಿಸುತ್ತದೆ, ಗಾಳಿಯ ಊದಿನಿಂದ ಬೇರೆ ಗೂಡಿಗೆ ಹಾರಿಸುತ್ತದೆ. ಕಪ್ಪು ಕುಂಡದ ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಿಂದ. ಅದು ಬೆಳಕನ್ನು ನುಂಗಿಬಿಡುತ್ತದೆ. ತಿರುಗಿ ಏನೂ ಬಾರದ ಕಾರಣ, ಯಂತ್ರದ ಮಟ್ಟಿಗೆ ಆ ಕುಂಡ ಇರುವುದೇ ಇಲ್ಲ.

ಹಾಗಾದರೆ ಕಪ್ಪು ಬಣ್ಣವೇ ಯಾಕೆ? ಬೇರಿಗೆ ಕತ್ತಲು ಬೇಕು, ಬಿಸಿಲಿಗೆ ಪ್ಲಾಸ್ಟಿಕ್ ಬೇಗ ಹಾಳಾಗಬಾರದು. ಮಸಿ ಎರಡಕ್ಕೂ ಒಳ್ಳೆಯದು. ಮೂರನೆಯ ಕಾರಣ ಸ್ವಾರಸ್ಯಕರ: ಬಣ್ಣಬಣ್ಣದ ಹಳೆಯ ಪ್ಲಾಸ್ಟಿಕ್ ಕರಗಿಸಿದರೆ ಬರುವ ಕೊಳಕು ಬಣ್ಣವನ್ನು ಮುಚ್ಚಲು ಕಪ್ಪೊಂದೇ ಸುಲಭದ ದಾರಿ. ಅಂದರೆ ಎಷ್ಟೋ ಕಪ್ಪು ಕುಂಡಗಳು ಈಗಾಗಲೇ ಒಮ್ಮೆ ಮರುಸಂಸ್ಕರಣೆಯಾಗಿ ಬಂದವು. ಬಂದ ದಾರಿಗೆ ಮರಳಿ ಹೋಗಲು ಮಾತ್ರ ಬಾಗಿಲಿಲ್ಲ. ಯಂತ್ರಕ್ಕೆ ಕಾಣುವಂಥ ಕಂದುಬೂದು ಕುಂಡಗಳನ್ನು ಕೆಲವು ತಯಾರಕರು ತಂದಿದ್ದಾರೆ. ಯಂತ್ರದ ಮಟ್ಟಿಗೆ ಅದು ಪರಿಹಾರವೇ ಹೌದು. ಆದರೆ ಮಣ್ಣು ಮೆತ್ತಿದ ಕುಂಡವನ್ನು ಸ್ಥಳೀಯ ಕೇಂದ್ರ ಸ್ವೀಕರಿಸದಿದ್ದರೆ ಬಣ್ಣ ಬದಲಿಸಿ ಪ್ರಯೋಜನವೇನು?

ಕರಗಿಸುವುದಕ್ಕಿಂತ ತೊಳೆದು ಬಳಸುವುದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಹಾಗಿದ್ದೂ ದೊಡ್ಡ ನರ್ಸರಿಗಳು ಹಿಂಜರಿಯುತ್ತವೆ, ಅದು ಸೋಮಾರಿತನವಲ್ಲ. ಬಳಸಿದ ಕುಂಡದ ಅಂಚಿನಲ್ಲಿ, ತಳದ ತೂತಿನ ಸುತ್ತ ಅಂಟಿದ ಚಿಟಿಕೆ ಮಣ್ಣಿನಲ್ಲಿ ಪಿಥಿಯಂ, ಫೈಟಾಫ್ತೊರಾ, ರೈಜೊಕ್ಟೋನಿಯಾದಂಥ ಬೇರುಕೊಳೆ ರೋಗಕಾರಕಗಳು ಅಡಗಿರುತ್ತವೆ. ಬ್ಲೀಚ್ ನೀರಿನಲ್ಲಿ ಅದ್ದಿದರಾಯಿತು ಎಂದುಕೊಂಡರೆ ತಪ್ಪು. ಮಣ್ಣು ಮತ್ತು ಬೇರಿನ ಚೂರು ಕ್ಲೋರಿನ್ನನ್ನು ಹೀರಿ ನಿಷ್ಕ್ರಿಯಗೊಳಿಸುತ್ತವೆ. ಹತ್ತಿಪ್ಪತ್ತು ಕೊಳಕು ಕುಂಡ ಅದ್ದುವಷ್ಟರಲ್ಲಿ ಆ ನೀರು ಬರೀ ನೀರು. ಮೊದಲು ಉಜ್ಜಿ ತೊಳೆದು, ಆಮೇಲೆ ಅದ್ದಬೇಕು. ಇಲ್ಲವೇ ಹಬೆ ಹಾಯಿಸಿ 70 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಇಷ್ಟು ಕೂಲಿ, ನೀರು, ಇಂಧನ ಸೇರಿದರೆ ಹೊಸ ಕುಂಡವೇ ಅಗ್ಗ ಎಂಬ ಲೆಕ್ಕ ಬರುತ್ತದೆ. ಎಸೆದ ಕುಂಡವನ್ನು ಆಮೇಲೆ ನಿಭಾಯಿಸುವ ಖರ್ಚನ್ನು ಇನ್ನಾರೋ ಹೊರುವುದರಿಂದಲೇ ಆ ಲೆಕ್ಕ ಹಾಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ದೊಡ್ಡ ಗಾತ್ರದ, ದಪ್ಪ ಗೋಡೆಯ ಕುಂಡದಲ್ಲಿ ಮಾತ್ರ ಈಗಲೂ ಮರುಬಳಕೆಯೇ ಗೆಲ್ಲುತ್ತದೆ.

ಕಣ್ಣಿಗೆ ಕಾಣದ ಬೆರಕೆ

ಪ್ಲಾಸ್ಟಿಕ್ ಚೂರು ಕಾಣುತ್ತದೆ, ಆರಿಸಬಹುದು. ಕಾಣದ್ದೇ ಹೆಚ್ಚು ಅಪಾಯಕಾರಿ. ಹುಲ್ಲುಹಾಸಿನಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಬಳಸುವ ಕ್ಲೋಪಿರಾಲಿಡ್, ಹುಲ್ಲುಗಾವಲಿನಲ್ಲಿ ಬಳಸುವ ಅಮಿನೋಪಿರಾಲಿಡ್‌ನಂಥ ಕಳೆನಾಶಕಗಳು ಹುಲ್ಲಿಗೆ ತೊಂದರೆ ಮಾಡುವುದಿಲ್ಲ, ಹುಲ್ಲಿನೊಳಗೇ ಉಳಿಯುತ್ತವೆ. ಆ ಹುಲ್ಲು ಕಾಂಪೋಸ್ಟ್ ಆದ ಮೇಲೂ ಪೂರ್ತಿ ನಾಶವಾಗುವುದಿಲ್ಲ. ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ಟೊಮೆಟೊ, ಹುರುಳಿಕಾಯಿ, ಬಟಾಣಿ ಗಿಡಗಳು ಮುರುಟಿಕೊಳ್ಳುತ್ತವೆ.

ಇದು ಬರೀ ಊಹೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2000ದ ಸುಮಾರಿಗೆ ಕಾಂಪೋಸ್ಟ್ ಹಾಕಿದ ತೋಟಗಳಲ್ಲಿ ಗಿಡ ಮುರುಟಿದಾಗ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಕ್ಲೋಪಿರಾಲಿಡ್. 2002ರಲ್ಲಿ ಆ ರಾಜ್ಯ ಹುಲ್ಲುಹಾಸಿನ ಮೇಲೆ ಅದರ ಬಳಕೆಗೆ ಕಡಿವಾಣ ಹಾಕಿತು. 2008ರಲ್ಲಿ ಬ್ರಿಟನ್ನಿನಲ್ಲಿ ಕೊಟ್ಟಿಗೆ ಗೊಬ್ಬರದ ಮೂಲಕ ಅಮಿನೋಪಿರಾಲಿಡ್ ತರಕಾರಿ ತೋಟಗಳಿಗೆ ಬಂದು, ಕೆಲಕಾಲ ಅದರ ಮಾರಾಟವನ್ನೇ ನಿಲ್ಲಿಸಬೇಕಾಯಿತು.

ಇದನ್ನು ಪತ್ತೆ ಮಾಡಲು ದುಬಾರಿ ಪ್ರಯೋಗಾಲಯವೇ ಬೇಕೆಂದಿಲ್ಲ. ಅನುಮಾನವಿರುವ ಗೊಬ್ಬರವನ್ನು ಶುದ್ಧ ಮಾಧ್ಯಮದ, ಅಂದರೆ ಕುಂಡಕ್ಕೆ ತುಂಬುವ ಬೆರಕೆಯಿಲ್ಲದ ಮಿಶ್ರಣದ, ಜೊತೆ ಬೆರೆಸಿ ನಾಲ್ಕಾರು ಕುಂಡಕ್ಕೆ, ಬರೀ ಶುದ್ಧ ಮಾಧ್ಯಮವನ್ನು ಇನ್ನು ನಾಲ್ಕಾರು ಕುಂಡಕ್ಕೆ ತುಂಬಿ, ಎಲ್ಲದರಲ್ಲೂ ಹುರುಳಿಕಾಯಿ ಬೀಜ ಊರಬೇಕು. ಒಂದರ ನೀರು ಇನ್ನೊಂದಕ್ಕೆ ಸೇರದಂತೆ ಬೇರೆಬೇರೆ ತಟ್ಟೆಯಲ್ಲಿಡಬೇಕು. ಮೊದಲ ಎರಡೆಲೆ ನಂಬುವಂತಿಲ್ಲ. ಎರಡು ಮೂರು ವಾರದಲ್ಲಿ ಮೂರೆಲೆಯ ಗೊಂಚಲು ಬಂದಾಗ ನೋಡಬೇಕು. ವಿಷವಿದ್ದರೆ ಎಲೆಯ ಅಂಚು ಬಟ್ಟಲಿನಂತೆ ಮಡಚಿ, ತುದಿ ಮುದುಡಿ, ಕಾಂಡ ತಿರುಚಿಕೊಂಡಿರುತ್ತದೆ. ಎಲ್ಲ ಕುಂಡಗಳೂ ಹಾಗೇ ಆದರೆ ದೋಷ ಬೀಜದ್ದೋ ನೀರಿನದ್ದೋ. ಮೊದಲ ಗುಂಪು ಮಾತ್ರ ಮುರುಟಿದರೆ ಆ ಗೊಬ್ಬರ ಕುಂಡಕ್ಕಂತೂ ಬೇಡ.

ಇಲ್ಲಿ ಹೊಣೆ ಯಾರದು? ಸಿಂಪಡಿಸಿದವನು ಒಬ್ಬ, ಕತ್ತರಿಸಿದವನು ಇನ್ನೊಬ್ಬ, ಗೊಬ್ಬರ ಮಾಡಿದವನು ಮತ್ತೊಬ್ಬ, ಬೆಳೆ ಕಳೆದುಕೊಂಡವನು ಮಗದೊಬ್ಬ. ಈ ಸರಪಳಿಯಲ್ಲಿ ಮಾಹಿತಿ ದಾಟುವುದೇ ಇಲ್ಲ. ಸಿಂಪಡಿಸಿದ ದಿನಾಂಕ ಮತ್ತು ಔಷಧದ ಹೆಸರು ಬರೆದ ಒಂದು ಚೀಟಿ ಹುಲ್ಲಿನ ಜೊತೆ ಸಾಗಿದ್ದರೆ ತಪ್ಪುತ್ತಿದ್ದ ನಷ್ಟವಿದು. ಹುಲ್ಲನ್ನು ಹೊರಗೆ ಸಾಗಿಸದೆ ಅಲ್ಲೇ ಬಿಡುವುದು ಅದಕ್ಕಿಂತ ಸರಳ. ನುಣ್ಣಗೆ ಕತ್ತರಿಸಿ ಹಾಸಿನ ಮೇಲೇ ಉದುರಿಸಿದ ಹುಲ್ಲು, ಆ ಹುಲ್ಲುಹಾಸಿಗೆ ವರ್ಷಕ್ಕೆ ಬೇಕಾದ ಸಾರಜನಕದಲ್ಲಿ ಕಾಲುಭಾಗದವರೆಗೂ ಕೊಡಬಲ್ಲದು. ಗಿರಾಕಿಗೆ ಮಾತ್ರ ಇದು ‘ಕೆಲಸ ಅರ್ಧಕ್ಕೆ ಬಿಟ್ಟಂತೆ’ ಕಾಣುತ್ತದೆ.

ಪೀಟ್ ವಿವಾದಕ್ಕೂ ಇದಕ್ಕೂ ಏನು ಸಂಬಂಧ?

ಪೀಟ್ ಎಂದರೆ ಜೌಗು ನೆಲದಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಕೂಡಿಬಂದ ಸಸ್ಯಾವಶೇಷ. ವರ್ಷಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತದೆ. ಭೂಮಿಯ ನೆಲದಲ್ಲಿ ಸುಮಾರು ಶೇ 3ರಷ್ಟೇ ಇರುವ ಈ ಪೀಟ್ ನೆಲಗಳು, ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಹಿಡಿದಿಟ್ಟಿವೆ. ನೀರು ಬಸಿದು ಪೀಟ್ ಅಗೆದರೆ ಆ ಇಂಗಾಲ ಗಾಳಿಗೆ ಸೇರುತ್ತದೆ. ನರ್ಸರಿಗಳಿಗೆ ಅದು ಅಚ್ಚುಮೆಚ್ಚು, ಯಾಕೆಂದರೆ ಹಗುರ, ನೀರು ಹಿಡಿಯುತ್ತದೆ, ರೋಗವಿಲ್ಲ, ಪ್ರತಿ ಚೀಲವೂ ಒಂದೇ ಥರ.

ಪೀಟ್ ಹಿಂದೆ ಸರಿದರೆ ಆ ಜಾಗಕ್ಕೆ ತೆಂಗಿನ ನಾರಿನ ಪುಡಿ, ಮರದ ನಾರು, ತೊಗಟೆ ಮತ್ತು ಹಸಿರು ಕಸದ ಕಾಂಪೋಸ್ಟ್ ಬರಬೇಕು. ಪ್ರತಿಯೊಂದಕ್ಕೂ ತನ್ನದೇ ತಕರಾರು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ತೊಳೆದು ಹದ ಮಾಡಬೇಕು. ಮರದ ನಾರು ಕೊಳೆಯುತ್ತ ಗಿಡದ ಪಾಲಿನ ಸಾರಜನಕವನ್ನು ತಾನೇ ತಿನ್ನುತ್ತದೆ. ಕಾಂಪೋಸ್ಟ್‌ನಲ್ಲಿ ಲವಣ ಮತ್ತು ಕ್ಷಾರ ಹೆಚ್ಚು, ಹಾಗಾಗಿ ಮಿಶ್ರಣದ ಮೂರನೇ ಒಂದು ಭಾಗ ಮೀರಿದರೆ ಎಳೆಯ ಬೇರು ಸುಡುವ ಸಂಭವವಿದೆ.

ಕೊಂಡಿ ಕೂಡುವುದು ಇಲ್ಲಿ. ಹೊಲಕ್ಕೆ ಚೆಲ್ಲುವ ಗೊಬ್ಬರದಲ್ಲಿ ನಾಲ್ಕು ಪ್ಲಾಸ್ಟಿಕ್ ಚೂರಿದ್ದರೆ ಯಾರೂ ಕೇಳದ ಕಾಲವಿತ್ತು. ಕುಂಡಕ್ಕೆ ತುಂಬಿ ಅಂಗಡಿಯಲ್ಲಿ ಮಾರುವ ಗೊಬ್ಬರದಲ್ಲಿ ಒಂದು ನೀಲಿ ಚೂರು ಕಂಡರೂ ಗಿರಾಕಿ ಚೀಲ ವಾಪಸು ತರುತ್ತಾನೆ. ಕ್ಲೋಪಿರಾಲಿಡ್‌ನ ಕುರುಹಿದ್ದರೂ ಸಾಕು, ಸಾವಿರಾರು ಸಸಿ ಒಟ್ಟಿಗೆ ಹೋಗುತ್ತವೆ. ಅಂದರೆ ಪೀಟ್ ಬಿಡಲು ಶುದ್ಧ ಕಾಂಪೋಸ್ಟ್ ಬೇಕು, ಶುದ್ಧ ಕಾಂಪೋಸ್ಟ್‌ಗೆ ಶುದ್ಧ ಹಸಿರು ಕಸ ಬೇಕು, ಆ ಕಸ ಕಳಿಸುವವರಲ್ಲಿ ದೊಡ್ಡ ಪಾಲು ಇದೇ ತೋಟಗಾರಿಕೆ ವ್ಯವಹಾರದವರದ್ದು. ಪೀಟ್ ಗಡುವು ಜಾರಲು ಬೆಳೆಗಾರರ ಒತ್ತಡ ಕಾರಣ ಎನ್ನುವವರಿದ್ದಾರೆ, ಸರ್ಕಾರದ ಉದಾಸೀನ ಎನ್ನುವವರೂ ಇದ್ದಾರೆ. ಬದಲಿ ಮಾಲಿನ ಗುಣಮಟ್ಟ ಖಾತ್ರಿಯಾಗದಿರುವುದು ಅಷ್ಟೇ ದೊಡ್ಡ ಕಾರಣ, ಅದರ ಬಗ್ಗೆ ಚರ್ಚೆ ಕಡಿಮೆ.

ಮುಂದೆ ಆಗಬಹುದಾದ್ದು

ಮಿತಿ ಬಿಗಿಯಾದಷ್ಟೂ ಘಟಕಗಳು ಬರುವ ಲೋಡುಗಳನ್ನು ಹೆಚ್ಚೆಚ್ಚು ತಿರಸ್ಕರಿಸುತ್ತವೆ, ಇಲ್ಲವೇ ಬೆರಕೆಗೆ ತಕ್ಕಂತೆ ಶುಲ್ಕ ಏರಿಸುತ್ತವೆ. ದೊಡ್ಡ ಸಂಸ್ಥೆಗಳು ಚಿಪ್ಪಿಂಗ್ ಯಂತ್ರ ಕೊಂಡು, ರೆಂಬೆಯನ್ನು ಅಲ್ಲೇ ಚಕ್ಕೆ ಮಾಡಿ, ಗಿಡದ ಬುಡಕ್ಕೆ ಹೊದಿಕೆಯಾಗಿ ಹಾಕಿ ಸಾಗಣೆಯ ಖರ್ಚನ್ನೇ ಉಳಿಸಿಕೊಳ್ಳುತ್ತವೆ. ಒಂದು ವಾಹನ, ಇಬ್ಬರು ಕೆಲಸಗಾರರನ್ನಿಟ್ಟುಕೊಂಡ ಸಣ್ಣ ಗುತ್ತಿಗೆದಾರನಿಗೆ ಯಂತ್ರವೂ ಇಲ್ಲ, ಬೇರ್ಪಡಿಸುವ ಜಾಗವೂ ಇಲ್ಲ. ಮನೆಯವರಿಗಿರುವ ಉಚಿತ ಸಂಗ್ರಹಣೆ ಅವನಿಗೆ ಬಹಳ ಕಡೆ ಸಿಗುವುದಿಲ್ಲ, ಕೂಲಿಗಾಗಿ ಕತ್ತರಿಸಿದ ಸೊಪ್ಪು ವಾಣಿಜ್ಯ ತ್ಯಾಜ್ಯವೆಂದು ಎಣಿಸಲ್ಪಡುತ್ತದೆ. ಶುಲ್ಕ ಏರಿದರೆ ರಾತ್ರೋರಾತ್ರಿ ರಸ್ತೆ ಬದಿಗೆ ಸುರಿದು ಹೋಗುವವರೂ ಹೆಚ್ಚುತ್ತಾರೆ. ನಿಯಮ ಮಾಡುವವರು ಈ ಸಾಧ್ಯತೆಯನ್ನು ಕಡೆಗಣಿಸುವಂತಿಲ್ಲ.

ತಯಾರಕರ ಮೇಲೆ ಹೊಣೆ ಹೊರಿಸುವ ದಾರಿಯೂ ಇದೆ. ಕುಂಡ ಯಾವ ಬಣ್ಣದ್ದು, ಯಾವ ಪ್ಲಾಸ್ಟಿಕ್ಕಿನದ್ದು ಎಂದು ನಿರ್ಧರಿಸುವುದು ತಯಾರಕರು ಮತ್ತು ದೊಡ್ಡ ಬೆಳೆಗಾರರು. ಎಸೆಯುವುದು ಗಿರಾಕಿ ಮತ್ತು ತೋಟಗಾರ. ಖರ್ಚು ಭರಿಸುವುದು ಘಟಕ. ಖಾಲಿ ಕುಂಡ ವಾಪಸು ಪಡೆಯುವ ಹೊಣೆಯನ್ನು ಮಾರಿದವರಿಗೇ ಕೊಟ್ಟರೆ ಎರಡು ವಿಷಯ ತಾವಾಗಿ ಬದಲಾಗುತ್ತವೆ: ವಾಪಸು ಬಂದದ್ದನ್ನು ಮತ್ತೆ ಬಳಸಲು ಬರುವಂತೆ ಗಟ್ಟಿ ಕುಂಡ ಮಾಡುತ್ತಾರೆ, ಗುರುತಿಸಲು ಸುಲಭವಾಗುವಂತೆ ಒಂದೇ ಜಾತಿಯ ಪ್ಲಾಸ್ಟಿಕ್ ಬಳಸುತ್ತಾರೆ. ಬೆಲೆ ಏರುತ್ತದೆ ಎಂಬುದು ಇದಕ್ಕಿರುವ ವಿರೋಧ, ಅದು ನಿಜವೂ ಹೌದು. ಈಗಲೂ ಆ ಬೆಲೆ ಇದೆ, ಕುಂಡದ ಚೀಟಿಯ ಮೇಲೆ ಅಚ್ಚಾಗಿಲ್ಲ ಅಷ್ಟೆ.

ಗುತ್ತಿಗೆಯ ಮಾತುಕತೆಯೂ ಬದಲಾಗಬೇಕಾಗುತ್ತದೆ. ‘ಕಸ ಸಾಗಿಸುವುದೂ ಸೇರಿ’ ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತಿದ್ದದ್ದು, ಯಾವ ಕಸ ಅಲ್ಲೇ ಉಳಿಯುತ್ತದೆ, ಯಾವುದು ಹೊರಗೆ ಹೋಗುತ್ತದೆ, ಹೋಗುವುದಕ್ಕೆ ಎಷ್ಟು, ಇತ್ತೀಚೆಗೆ ಯಾವ ಔಷಧ ಹೊಡೆದಿದ್ದೀರಿ ಎಂಬ ಪ್ರಶ್ನೆಗಳಾಗಿ ಒಡೆಯುತ್ತದೆ. ಇದಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ. ವಾಹನದ ಹಿಂಭಾಗದಲ್ಲಿ ಸೊಪ್ಪಿಗೊಂದು, ಕುಂಡಕ್ಕೊಂದು, ರೋಗದ ಗಿಡಕ್ಕೊಂದು ಎಂದು ಮೂರು ದೊಡ್ಡ ಚೀಲ ಕಟ್ಟಲು ಜಾಗ ಬೇಕು, ಔಷಧದ ಖಾಲಿ ಡಬ್ಬಿಗಳನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ತೂತು ಮಾಡಿ ಇಡಲು ಮುಚ್ಚಳವಿರುವ ಒಂದು ಪೆಟ್ಟಿಗೆ ಬೇಕು. ಬೆಳಗ್ಗೆ ಕೆಲಸ ಶುರುವಾಗುವ ಮುನ್ನ ಅವನ್ನು ಬಿಚ್ಚಿ ಇಡಲು ಐದು ನಿಮಿಷ ಬೇಕು. ಆ ಐದು ನಿಮಿಷದ ಕೂಲಿಯನ್ನು ಸದ್ಯಕ್ಕೆ ಯಾರೂ ಕೊಡುತ್ತಿಲ್ಲ.